ಬಾಯಿ ಸೊಟ್ಟಗಾದಾಗ ಮೊದಲು ಹಣೆ ನೋಡಿ: ಕನ್ನಡಿ ಹಿಡಿದು ಮುಖದ ನರವನ್ನು ತಿಳಿಯುವ ಬಗೆ

ನನ್ನ ಭಾವ ಯಕ್ಷಗಾನದ ವೇಷಧಾರಿ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಎರಡು ವಾರ ಇರುವಾಗ ಒಂದು ರಾತ್ರಿ ಉಡುಪಿ ಹತ್ತಿರ ಅವರ ಆಟ ಇತ್ತು. ಚೌಕಿಯಲ್ಲಿ ಕೈಗನ್ನಡಿ ಹಿಡಿದು ಬಣ್ಣ ಹಾಕಿಕೊಳ್ಳುತ್ತಿದ್ದರು. "ಎಡಗಡೆ ಗೆರೆ ಕೂರ್ತಾ ಇಲ್ಲ, ಬಣ್ಣ ಸರಿ ಇಲ್ಲ ಇವತ್ತು" ಎಂದು ಗೊಣಗಿದರು. ನಾನು ಪಕ್ಕದಲ್ಲೇ ಚಾಪೆ ಮೇಲೆ ಕೂತಿದ್ದೆ. ನೋಡಿದರೆ ಬಣ್ಣದ್ದೇನೂ ತಪ್ಪಿಲ್ಲ. ಎಡಗಣ್ಣು ಮಿಟುಕುವುದು ಬಲಗಣ್ಣಿಗಿಂತ ನಿಧಾನ.

"ಭಾವ, ಹುಬ್ಬು ಮೇಲೆ ಮಾಡಿ ನೋಡುವಾ" ಎಂದೆ. ಬಲ ಹುಬ್ಬು ಏರಿತು. ಎಡದ್ದು ಇದ್ದಲ್ಲೇ ಇತ್ತು.

ನಾನು ಫಿಸಿಯೋಥೆರಪಿಸ್ಟ್. ಮುಖದ ನರ ಸೋತು ಒಂದು ಬದಿ ಅಲ್ಲಾಡದ ಇಂಥ ಮುಖಗಳನ್ನು ಮಳೆಗಾಲ, ಬೇಸಿಗೆ ಎನ್ನದೆ ನೋಡುತ್ತೇನೆ. ಆದರೆ ಬಹಳ ಜನ ನನ್ನ ಹತ್ತಿರ ಬರುವುದು ವಾರ ಕಳೆದ ಮೇಲೆ. "ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ, ಗಾಳಿ ಹೊಡೆದದ್ದು" ಎನ್ನುತ್ತಾರೆ. ಅಷ್ಟು ಹೊತ್ತಿಗೆ ಔಷಧ ಚೆನ್ನಾಗಿ ಕೆಲಸ ಮಾಡುವ ಮೂರು ದಿನ ಮುಗಿದಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಂದು ಕನ್ನಡಿ ತಗೊಳ್ಳಿ, ಬೆಳಕಿರುವ ಕಡೆ ಕೂತುಕೊಳ್ಳಿ. ಈಗ ನಿಮ್ಮ ಮುಖ ಸರಿ ಇರುವಾಗಲೇ ಮಾಡಿ ನೋಡುವುದು ಒಳ್ಳೆಯದು. ಸರಿಯಾದ ಮುಖ ಹೇಗಿರುತ್ತದೆ ಅಂತ ಗೊತ್ತಿದ್ದರೆ ತಾನೇ ತಪ್ಪು ಕಾಣುವುದು?

ಹಂತ 1: ಕೈಯನ್ನು ಕೆನ್ನೆ ಮೇಲೆ ಇಡಿ

ಮಿದುಳಿನಿಂದ 12 ಜೊತೆ ಕಪಾಲ ನರಗಳು ಹೊರಡುತ್ತವೆ. ಅವುಗಳಲ್ಲಿ ಏಳನೆಯದು ಫೇಶಿಯಲ್ ನರ್ವ್, ಅಂದರೆ ಮುಖದ ನರ. ಎಡಕ್ಕೊಂದು, ಬಲಕ್ಕೊಂದು.

ಬಲ ಅಂಗೈಯನ್ನು ಬಲಗೆನ್ನೆಗೆ ಒತ್ತಿ. ಮಣಿಕಟ್ಟು ಕಿವಿಯ ಹತ್ತಿರ ಬರಬೇಕು, ಬೆರಳುಗಳು ಮೂಗಿನ ಕಡೆ. ಕೈ ಸ್ವಲ್ಪ ತಿರುಚಬೇಕಾಗುತ್ತದೆ, ಪರವಾಗಿಲ್ಲ. ಈಗ ಬೆರಳು ಅಗಲಿಸಿ. ಹೆಬ್ಬೆರಳು ಹಣೆ ಕಡೆಗೆ, ತೋರುಬೆರಳು ಕಣ್ಣಿಗೆ, ನಡುಬೆರಳು ಮೇಲ್ತುಟಿಗೆ, ಉಂಗುರಬೆರಳು ದವಡೆಯ ಅಂಚಿಗೆ, ಕಿರುಬೆರಳು ಕತ್ತಿಗೆ ಹೋಗಬೇಕು. ಮುಖದ ನರದ ಐದು ಕವಲುಗಳು ಹೆಚ್ಚುಕಡಿಮೆ ಹೀಗೇ ಹರಡಿವೆ. ಹಳೆಯ ಅಂಗರಚನಾ ಪಂಡಿತರಿಗೆ ಇದು ಹೆಬ್ಬಾತಿನ ಪಾದದ ಹಾಗೆ ಕಂಡಿತಂತೆ. ಲ್ಯಾಟಿನ್ನಿನಲ್ಲಿ ಅದೇ ಹೆಸರು ಇಟ್ಟರು, ಪೆಸ್ ಆನ್ಸೆರಿನಸ್.

ಈ ಕವಲು ಒಡೆಯುವುದು ಕಿವಿಯ ಮುಂದಿರುವ ಪೆರೋಟಿಡ್ ಎಂಬ ದೊಡ್ಡ ಜೊಲ್ಲುಗ್ರಂಥಿಯ ಒಳಗೆ. ತಮಾಷೆ ಅಂದರೆ, ಆ ಗ್ರಂಥಿಯ ಹೊಟ್ಟೆ ಸೀಳಿಕೊಂಡು ಹೋಗುವ ಈ ನರ ಆ ಗ್ರಂಥಿಗೇ ಏನೂ ಕೊಡುವುದಿಲ್ಲ. ಅದರ ಜೊಲ್ಲು ಒಂಬತ್ತನೇ ನರದ ಲೆಕ್ಕ. ಆದರೆ ಗ್ರಂಥಿಯಲ್ಲಿ ಕೆಟ್ಟ ಗಡ್ಡೆ ಬೆಳೆದರೆ ಪೆಟ್ಟು ತಿನ್ನುವುದು ಈ ದಾರಿಹೋಕನೇ.

ಹಂತ 2: ಐದು ಕೆಲಸ ಮಾಡಿಸಿ

ಹುಬ್ಬು ಮೇಲೆತ್ತಿ. ಹಣೆಯಲ್ಲಿ ಅಡ್ಡ ಗೆರೆಗಳು ಎರಡೂ ಕಡೆ ಮೂಡಬೇಕು. ಇದು ಹೆಬ್ಬೆರಳಿನ ಕವಲು. ಈ ಗೆರೆಗಳನ್ನು ನೆನಪಿಟ್ಟುಕೊಳ್ಳಿ, ಇಡೀ ಲೇಖನದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ಕಣ್ಣು ಗಟ್ಟಿಯಾಗಿ ಮುಚ್ಚಿ. ಇದನ್ನು ಮನೆಯವರು ಯಾರಾದರೂ ನೋಡಬೇಕು. ರೆಪ್ಪೆಗೂದಲು ಒಳಗೆ ಹೂತುಹೋದ ಹಾಗೆ ಕಾಣಬೇಕು. ಒಂದು ಕಡೆ ಕೂದಲು ಜಾಸ್ತಿ ಹೊರಗೆ ಕಂಡರೆ ಅಲ್ಲಿ ಬಲ ಕಡಿಮೆ. ಪೂರ್ತಿ ಸೋತ ಕಣ್ಣಿನಲ್ಲಿ ರೆಪ್ಪೆ ಮುಚ್ಚುವುದೇ ಇಲ್ಲ, ಗುಡ್ಡೆ ಮಾತ್ರ ಮೇಲಕ್ಕೆ ಹೋಗಿ ಬಿಳಿ ಭಾಗ ಕಾಣುತ್ತದೆ. ಮನೆಯವರು ಇದನ್ನು ನೋಡಿ ಹೆದರುತ್ತಾರೆ. ಹೆದರಬೇಕಿಲ್ಲ. ಬಹಳಷ್ಟು ಜನರಿಗೆ ಕಣ್ಣು ಮುಚ್ಚುವಾಗ ಗುಡ್ಡೆ ಹೀಗೇ ಮೇಲೆ ಹೋಗುತ್ತದೆ, ರೆಪ್ಪೆ ಮುಚ್ಚಿರುವುದರಿಂದ ಕಾಣುವುದಿಲ್ಲ ಅಷ್ಟೆ. ಇದಕ್ಕೆ ಬೆಲ್ಸ್ ಫಿನಾಮಿನನ್ ಎನ್ನುತ್ತಾರೆ. ಸ್ಕಾಟ್‌ಲೆಂಡಿನ ಚಾರ್ಲ್ಸ್ ಬೆಲ್ ಹೆಸರು ಅದು. 1821ರಲ್ಲಿ ಮುಖದ ನರಗಳ ಬಗ್ಗೆ ಬರೆದವರು.

ಮೂರನೆಯದು, ಹಲ್ಲು ತೋರಿಸಿ, ಆಮೇಲೆ ಬಾಯಿ ಮುಚ್ಚಿ ಕೆನ್ನೆ ಉಬ್ಬಿಸಿ. ದೇವಸ್ಥಾನದಲ್ಲಿ ಶಂಖ ಊದುವವರ ಕೆನ್ನೆ ನೋಡಿದ್ದೀರಲ್ಲ, ಹಾಗೆ. ಉಬ್ಬಿದ ಕೆನ್ನೆಯನ್ನು ಬೆರಳಿನಿಂದ ಮೆಲ್ಲ ತಟ್ಟಿ. ಗಾಳಿ ಪುಸ್ಸೆಂದು ಒಂದು ಕಡೆಯಿಂದ ಸೋರಿದರೆ ಆ ಕಡೆ ತುಟಿ ಸೋತಿದೆ ಅಂತ ಅರ್ಥ. ಊಟದಲ್ಲೂ ಇದು ಗೊತ್ತಾಗುತ್ತದೆ. ಕೆನ್ನೆಯ ಸ್ನಾಯು ಒಳಗಿನಿಂದ ಅನ್ನವನ್ನು ಹಲ್ಲಿನ ಕಡೆ ತಳ್ಳುತ್ತಿರುತ್ತದೆ. ಅದು ನಿಂತರೆ ಗೋಳಿಬಜೆಯ ತುಂಡು ಕೆನ್ನೆಯಲ್ಲೇ ಕೂತುಬಿಡುತ್ತದೆ, ಬೆರಳು ಹಾಕಿ ತೆಗೆಯಬೇಕು. ಎಳನೀರಿನ ಬೊಂಡಕ್ಕೆ ಸ್ಟ್ರಾ ಹಾಕಿ ಎಳೆದರೆ ಬಾಯಿಗೆ ಬರುವುದು ಅರ್ಧ, ಅಂಗಿಗೆ ಅರ್ಧ.

ಕೆಳತುಟಿಯನ್ನು ಕೆಳಗೆ ಎಳೆದು ಕೆಳಗಿನ ಹಲ್ಲು ಕಾಣಿಸಿ. ದವಡೆಯ ಅಂಚಿನಲ್ಲಿ ಹೋಗುವ ತೆಳ್ಳಗಿನ ಕವಲಿನ ಕೆಲಸ ಇದು. ಅಲ್ಲಿ ಆಪರೇಷನ್ ಮಾಡುವ ಸರ್ಜನ್‌ಗಳು ಈ ಕವಲಿನ ವಿಷಯದಲ್ಲಿ ಬಹಳ ಜಾಗ್ರತೆ.

ಕೊನೆಗೆ ಕತ್ತು ಬಿಗಿ ಮಾಡಿ, ಗಡ್ಡ ಹೆರೆಯುವಾಗ ಚರ್ಮ ಎಳೆದುಕೊಳ್ಳುವ ಹಾಗೆ. ಚರ್ಮದಡಿ ಹಗ್ಗದಂಥ ಗೆರೆಗಳು ಏಳುತ್ತವೆ. ಅದು ಕಿರುಬೆರಳಿನ ಕವಲು.

ಈ ನರ ಏನು ಮಾಡುವುದಿಲ್ಲ ಎಂಬುದೂ ಗೊತ್ತಿರಲಿ. ಕಣ್ಣು ಮುಚ್ಚುವುದು ಏಳನೇ ನರ, ತೆರೆಯುವುದು ಮೂರನೆಯದು. ಹಾಗಾಗಿ ಮುಖದ ನರ ಸೋತಾಗ ಕಣ್ಣು ಮುಚ್ಚಲಾಗದೆ ತೆರೆದೇ ಇರುತ್ತದೆ. ರೆಪ್ಪೆ ತಾನಾಗಿ ಕೆಳಗೆ ಬಿದ್ದು ಕಣ್ಣು ತೆರೆಯಲಾಗದಿದ್ದರೆ ಅದು ಬೇರೆಯೇ ಕಥೆ. ಅಗಿಯುವುದು ಮತ್ತು ಮುಖದ ಸ್ಪರ್ಶ ಐದನೇ ನರದ ಪಾಲು. "ಕೆನ್ನೆ ಮರಗಟ್ಟಿದೆ" ಎಂದು ಬರುವವರ ಕೆನ್ನೆಗೆ ಹತ್ತಿ ತಾಗಿಸಿದರೆ ಹೆಚ್ಚಾಗಿ ಸರಿಯಾಗಿಯೇ ಗೊತ್ತಾಗುತ್ತದೆ. ಸ್ನಾಯು ಅಲ್ಲಾಡದಿದ್ದರೆ ಮರಗಟ್ಟಿದ ಹಾಗೆ ಅನಿಸುವುದು ಸಹಜ. ನಿಜವಾಗಿಯೂ ಸ್ಪರ್ಶ ಹೋಗಿದ್ದರೆ ಡಾಕ್ಟರಿಗೆ ಅದನ್ನು ಬೇರೆಯಾಗಿ ಹೇಳಿ.

ಹಂತ 3: ನರದ ದಾರಿಯನ್ನು ಹಿಡಿದು ಒಳಗೆ ಹೋಗಿ

ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ರೈಲಿನಲ್ಲಿ ಹೋದವರಿಗೆ ಇದು ಸುಲಭ. ಆ ದಾರಿಯಲ್ಲಿ 57 ಸುರಂಗಗಳಿವೆ. ಮುಖದ ನರಕ್ಕೆ ಇರುವುದು ಒಂದೇ ಸುರಂಗ, ಉದ್ದ ಸುಮಾರು 3 ಸೆಂಟಿಮೀಟರ್. ಆದರೆ ಹೆಚ್ಚಿನ ತೊಂದರೆ ಇರುವುದು ಅಲ್ಲೇ.

ನರ ಹೊರಡುವುದು ಮಿದುಳಿನ ಕಾಂಡದ ಪಾನ್ಸ್ ಎಂಬ ಭಾಗದಿಂದ. ಹೊರಡುವಾಗಲೇ ಒಂದು ವಿಚಿತ್ರ ಸುತ್ತು ಹಾಕುತ್ತದೆ. ನೆಟ್ಟಗೆ ಹೊರಗೆ ಬರುವ ಬದಲು ಹಿಂದಕ್ಕೆ ಹೋಗಿ, ಆರನೇ ನರದ ಕೇಂದ್ರಕ್ಕೆ ಒಂದು ಬಳಸು ಹಾಕಿ, ಆಮೇಲೆ ಹೊರಗೆ ಬರುತ್ತದೆ. ಸುಮಾರು 10,000 ತಂತುಗಳ ಕಟ್ಟು ಅದು. ಅದರಲ್ಲಿ ಸುಮಾರು 7,000 ಮುಖದ ಸ್ನಾಯುಗಳಿಗೆ. ಉಳಿದವು ರುಚಿ, ಕಣ್ಣೀರು, ಜೊಲ್ಲು ಹೊತ್ತ ತಂತುಗಳು.

ಹೊರಬಂದ ಮೇಲೆ ಕಿವಿಯ ಎಂಟನೇ ನರದ ಜೊತೆ ತಲೆಬುರುಡೆಯ ಗಟ್ಟಿ ಎಲುಬಿನೊಳಗೆ ಹೋಗುತ್ತದೆ. ಅಲ್ಲಿಂದ ಇದಕ್ಕೆ ತನ್ನದೇ ಸುರಂಗ. 16ನೇ ಶತಮಾನದ ಇಟಲಿಯ ಗಬ್ರಿಯೆಲೆ ಫಲೋಪಿಯೊ ವರ್ಣಿಸಿದ್ದರಿಂದ ಫಲೋಪಿಯನ್ ಕಾಲುವೆ ಎಂದು ಹೆಸರು. ಹೆಂಗಸರ ಗರ್ಭನಾಳಕ್ಕೆ ಹೆಸರು ಬಂದದ್ದೂ ಅವರಿಂದಲೇ. ಸುರಂಗದ ಬಾಯಿಯೇ ಅತಿ ಕಿರಿದು, ಒಂದು ಮಿಲಿಮೀಟರಿಗಿಂತಲೂ ಕಡಿಮೆ. ನರ ಊದಿಕೊಂಡರೆ ಎಲುಬು ಹಿಗ್ಗುವುದಿಲ್ಲ. ನರವೇ ಹಿಸುಕಿಹೋಗುತ್ತದೆ. ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಸೋಲುವ ಬೆಲ್ಸ್ ಪಾಲ್ಸಿ ಎಂಬ ಕಾಯಿಲೆಯಲ್ಲಿ ಆಗುವುದು ಇದೇ ಎಂದು ತಿಳಿದಿದ್ದಾರೆ. ಊತಕ್ಕೆ ಹರ್ಪಿಸ್ ವೈರಸ್ ಕಾರಣ ಎಂಬ ಅನುಮಾನ ಬಲವಾಗಿದೆ.

ಸುರಂಗದೊಳಗೆ ಮೂರು ಕಡೆ ಕವಲು ಒಡೆಯುತ್ತದೆ. ಮೊದಲ ತಿರುವಿನಲ್ಲಿ ಕಣ್ಣೀರಿನ ಗ್ರಂಥಿಗೆ ಒಂದು. ಮುಂದೆ ಕಿವಿಯ ಸ್ಟೇಪೀಡಿಯಸ್ ಸ್ನಾಯುವಿಗೆ ಒಂದು. ಕೊನೆಗೆ ಸುರಂಗ ಮುಗಿಯುವ ಸ್ವಲ್ಪ ಮುಂಚೆ ಕಾರ್ಡ ಟಿಂಪನಿ ಎಂಬ ಎಳೆ. ಇದು ಕಿವಿತಮಟೆಯ ಹಿಂದಿನಿಂದ ಹಾದು ನಾಲಿಗೆಗೆ ಹೋಗುತ್ತದೆ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿ ಇದರದ್ದು. ಬಾಯಿಯ ತಳದ ಜೊಲ್ಲುಗ್ರಂಥಿಗಳೂ ಇದರದ್ದೇ. ಕಿವಿಯ ಹಿಂದೆ ಕೆಳಗಡೆ ಒಂದು ಎಲುಬಿನ ಉಬ್ಬು ಕೈಗೆ ಸಿಗುತ್ತದಲ್ಲ, ಅದರ ಪಕ್ಕದ ಸಣ್ಣ ತೂತಿನಿಂದ ನರ ಹೊರಬಂದು ಪೆರೋಟಿಡ್ ಗ್ರಂಥಿ ಸೇರುತ್ತದೆ. ಎಳೆ ಮಕ್ಕಳಲ್ಲಿ ಈ ಉಬ್ಬು ಇನ್ನೂ ಬೆಳೆದಿರುವುದಿಲ್ಲ, ನರಕ್ಕೆ ಮರೆ ಇಲ್ಲ. ಹೆರಿಗೆಯಲ್ಲಿ ಫೋರ್ಸೆಪ್ಸ್ ಒತ್ತಿ ಮಗುವಿನ ಮುಖ ಸೊಟ್ಟಗಾಗುವುದು ಇದರಿಂದಲೇ. ಹೆಚ್ಚಿನವು ತಾನಾಗಿ ಸರಿಯಾಗುತ್ತವೆ.

ಹಂತ 4: ರುಚಿ, ಸದ್ದು, ಕಣ್ಣೀರು

ದಾರಿ ಗೊತ್ತಾದರೆ ತೊಂದರೆ ಎಲ್ಲಿ ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು. ಮುಖ ಮಾತ್ರ ಸೋತು ರುಚಿ ಸರಿ ಇದ್ದರೆ ಪೆಟ್ಟು ಸುರಂಗದ ಹೊರಗೆ ಇರಬಹುದು. ರುಚಿಯೂ ಹೋಗಿದ್ದರೆ ಸುರಂಗದ ಒಳಗೆ.

ರುಚಿ ನೋಡಲು ಹುಳಿಯಾದ ಪುನರ್ಪುಳಿ ಸಾರು ಸಾಕು, ಅಥವಾ ಉಪ್ಪು ನೀರು. ನಾಲಿಗೆ ಹೊರಗೆ ಚಾಚಿ, ಹತ್ತಿಯ ಕಡ್ಡಿಯಿಂದ ಒಂದು ಬದಿಗೆ ಮಾತ್ರ ಹಚ್ಚಿ. ನಾಲಿಗೆ ಒಳಗೆ ಎಳೆದುಕೊಳ್ಳುವ ಮೊದಲೇ ರುಚಿ ಏನೆಂದು ಬೆರಳಿನಲ್ಲಿ ತೋರಿಸಬೇಕು, ಒಳಗೆ ಹೋದರೆ ಎರಡೂ ಬದಿಗೆ ಹರಡುತ್ತದೆ. ಬಾಯಿ ತೊಳೆದು ಇನ್ನೊಂದು ಬದಿ ನೋಡಿ.

ಸದ್ದಿನ ವಿಷಯ ಭಾವನೇ ಹೇಳಿದರು. "ಎರಡು ದಿನದಿಂದ ಚೆಂಡೆ ಎಡಗಿವಿಗೆ ಬಡಿದ ಹಾಗೆ ಕೇಳ್ತದೆ ಮಾರಾಯ." ಮೂವತ್ತು ವರ್ಷ ಚೆಂಡೆಯ ಮುಂದೆ ಕುಣಿದ ಕಿವಿ ಅದು. ಸ್ಟೇಪೀಡಿಯಸ್ ನಮ್ಮ ಮೈಯ ಎಲುಬಿಗಂಟಿದ ಸ್ನಾಯುಗಳಲ್ಲೇ ಅತಿ ಚಿಕ್ಕದು, ಸುಮಾರು 6 ಮಿಲಿಮೀಟರ್. ದೊಡ್ಡ ಸದ್ದು ಬಂದಾಗ ಕಿವಿಯೊಳಗಿನ ಪುಟ್ಟ ಎಲುಬನ್ನು ಎಳೆದು ಹಿಡಿದು ಸದ್ದನ್ನು ತಗ್ಗಿಸುತ್ತದೆ. ಅದಕ್ಕೆ ನರದ ಸುದ್ದಿ ತಲುಪದಿದ್ದರೆ ಸದ್ದು ನೇರ ಬಡಿಯುತ್ತದೆ. ಕಿವಿಯ ಹಿಂದೆ ನೋವೂ ಬಹಳ ಜನರಿಗೆ ಮುಖ ಸೋಲುವ ಒಂದೆರಡು ದಿನ ಮೊದಲು ಬರುತ್ತದೆ. ಹಲ್ಲು ನೋವು, ಕಿವಿ ನೋವು ಅಂದುಕೊಂಡು ಸುಮ್ನಿರುತ್ತಾರೆ.

ಕಣ್ಣೀರು ಮಾತ್ರ ಗೊಂದಲ ಮಾಡುತ್ತದೆ. ನೀರು ಕಡಿಮೆಯಾಗಿದ್ದರೂ, ಕೆಳರೆಪ್ಪೆ ಜೋತುಬಿದ್ದು ನೀರು ಮೂಗಿಗೆ ಇಳಿಯದೆ ಹೊರಗೆ ಹರಿಯಬಹುದು. ಮನೆಯಲ್ಲಿ ಅದನ್ನು ಅಳೆಯಲು ಹೋಗಬೇಡಿ.

ಹಂತ 5: ಹಣೆ ಏನು ಹೇಳುತ್ತದೆ?

ಹುಬ್ಬಿನ ಗೆರೆ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಅದಕ್ಕೆ ಬಂದೆ.

ಮುಖದ ಕೆಳಭಾಗಕ್ಕೆ ಅಪ್ಪಣೆ ಬರುವುದು ಮುಖ್ಯವಾಗಿ ಮಿದುಳಿನ ಎದುರು ಬದಿಯಿಂದ. ಹಣೆಗೆ ಮಾತ್ರ ಎರಡೂ ಬದಿಯಿಂದ ಬರುತ್ತದೆ. ಹೀಗಾಗಿ ಸ್ಟ್ರೋಕ್ ಆಗಿ ಮಿದುಳಿನ ಒಂದು ಬದಿ ಸೋತರೆ ಬಾಯಿ ಸೊಟ್ಟಗಾಗುತ್ತದೆ, ಆದರೆ ಹಣೆ ಇನ್ನೊಂದು ಬದಿಯ ಅಪ್ಪಣೆಯಿಂದ ಕೆಲಸ ಮಾಡುತ್ತಲೇ ಇರುತ್ತದೆ. ನರವೇ ಹಿಸುಕಿದರೆ ಎರಡೂ ಅಪ್ಪಣೆ ತಲುಪುವ ದಾರಿ ಬಂದ್. ಆಗ ಹಣೆಯೂ ನುಣ್ಣಗೆ.

ಲೆಕ್ಕ ತಲೆಕೆಳಗಾಗಿದೆ, ಅಲ್ವಾ? ಮುಖ ಜಾಸ್ತಿ ಸೋತಿದ್ದರೆ ಕಾಯಿಲೆ ದೊಡ್ಡದು ಎಂದು ನಮಗೆ ಅನಿಸುತ್ತದೆ. ಇಲ್ಲಿ ಹಾಗಲ್ಲ. ಬಾಯಿ ಮಾತ್ರ ಸೊಟ್ಟಗಾಗಿ ಹಣೆ ಚೆನ್ನಾಗಿ ಗೆರೆ ಮೂಡಿಸುತ್ತಿದ್ದರೆ ಅದೇ ಹೆಚ್ಚು ಭಯ. ಆಗ ಈ ಲೇಖನ ಬಿಟ್ಟು 108ಕ್ಕೆ ಫೋನ್ ಮಾಡಿ.

ಹಣೆ ಸೋತಿದೆ, ಹಾಗಾಗಿ ಸ್ಟ್ರೋಕ್ ಅಲ್ಲ ಎಂದು ಮನೆಯಲ್ಲೇ ತೀರ್ಮಾನಿಸಿ ಮಲಗುವುದೂ ತಪ್ಪು. ಮಿದುಳಿನ ಕಾಂಡದಲ್ಲೇ, ನರ ಹುಟ್ಟುವ ಜಾಗದಲ್ಲೇ ರಕ್ತ ನಿಂತರೆ ಹಣೆಯೂ ಸೋಲುತ್ತದೆ. ಕೈಕಾಲಿನಲ್ಲಿ ಬಲ ಇಲ್ಲ, ಮಾತು ತೊದಲುತ್ತದೆ, ಎರಡೆರಡು ಕಾಣುತ್ತದೆ, ನಡೆಯುವಾಗ ಓಲಾಡುತ್ತದೆ, ಹಿಂದೆಂದೂ ಬಾರದ ತಲೆನೋವು: ಇವುಗಳಲ್ಲಿ ಒಂದಿದ್ದರೂ ಹಣೆಯ ಲೆಕ್ಕ ಬೇಡ, ಹೊರಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ. ಕುಂದಾಪುರದಾಚೆಯಿಂದ ಮಣಿಪಾಲಕ್ಕೋ ಸುಳ್ಯದಿಂದ ಮಂಗಳೂರಿಗೋ ಬರುವವರಿಗೆ ದಾರಿಯೇ ಅದರಲ್ಲಿ ಒಂದು ಪಾಲು ತಿನ್ನುತ್ತದೆ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ.

ಹಂತ 6: ಮೊದಲ ಮೂರು ದಿನ

ಭಾವನನ್ನು ಆ ರಾತ್ರಿಯೇ ವೇಷ ಕಳಚಿಸಿ ಕರೆದುಕೊಂಡು ಹೋದೆ. ಡಾಕ್ಟರು ಕೈಕಾಲು ನೋಡಿದರು, ಕಿವಿಯೊಳಗೆ ಟಾರ್ಚ್ ಹಾಕಿದರು, ಶುಗರ್ ನೋಡಿದರು. ಬೆಲ್ಸ್ ಪಾಲ್ಸಿ ಎಂದರು.

ಇದಕ್ಕೆ ಮುಖ್ಯ ಔಷಧ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ. ಊತ ಇಳಿಸುವುದು ಅದರ ಕೆಲಸ. 72 ಗಂಟೆಯೊಳಗೆ ಶುರು ಮಾಡಬೇಕು. ಸ್ಕಾಟ್‌ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ನಂತರ ಈ ಮಾತ್ರೆ ತಗೊಂಡವರಲ್ಲಿ 94.4% ಜನ ಪೂರ್ತಿ ಗುಣವಾಗಿದ್ದರು. ತಗೊಳ್ಳದವರಲ್ಲಿ 81.6%. ಅಂದರೆ ಔಷಧ ಇಲ್ಲದೆಯೂ ಬಹಳ ಜನ ಸರಿಯಾಗುತ್ತಾರೆ. ಮನೆಮದ್ದು, ತೈಲ, ಅಂತ್ರಕ್ಕೆಲ್ಲ ಹೆಸರು ಬರುವುದು ಈ ಗುಟ್ಟಿನಿಂದಲೇ! ಆದರೆ ಉಳಿದವರಲ್ಲಿ ನೀವಿರುವಿರೋ ಎಂದು ಮೊದಲ ದಿನ ಯಾರೂ ಹೇಳಲಾಗದು.

ಶುಗರ್ ಇರುವವರಿಗೆ ಸ್ಟಿರಾಯ್ಡ್ ಶುಗರ್ ಏರಿಸುತ್ತದೆ. ಹಾಗಂತ ಬಿಡಬೇಕೆಂದಲ್ಲ, ಡಾಕ್ಟರಿಗೆ ಮೊದಲೇ ಹೇಳಬೇಕು. ಪಕ್ಕದ ಮನೆಯವರ ಉಳಿದ ಮಾತ್ರೆ ನುಂಗುವುದು ಬೇಡವೇ ಬೇಡ.

ಕಿವಿಯೊಳಗೆ ಅಥವಾ ಸುತ್ತ ಗುಳ್ಳೆ ಎದ್ದಿದ್ದರೆ ಅದು ರಾಮ್ಸೆ ಹಂಟ್ ಸಿಂಡ್ರೋಮ್. ಚಿಕ್ಕಂದಿನಲ್ಲಿ ಬಂದುಹೋಗುವ ಚಿಕನ್‌ಪಾಕ್ಸ್‌ನ ವೈರಸ್ಸೇ ನರದಲ್ಲಿ ಅಡಗಿದ್ದು ಮತ್ತೆ ಏಳುವುದು. ಇದಕ್ಕೆ ವೈರಸ್ ಔಷಧವೂ ಬೇಕು, ಗುಣವಾಗುವುದೂ ನಿಧಾನ. ಕಿವಿ ಸೋರುತ್ತಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಎರಡೂ ಬದಿ ಸೋತಿದ್ದರೆ, ಮುಖದಲ್ಲಿ ಸ್ಪರ್ಶವಿಲ್ಲದ ಬಿಳಿಚು ಮಚ್ಚೆ ಇದ್ದರೆ, ಅಥವಾ ವಾರಗಟ್ಟಲೆ ಮೆಲ್ಲಮೆಲ್ಲ ಸೋಲುತ್ತಾ ಬಂದಿದ್ದರೆ ಅದು ಬೆಲ್ಸ್ ಪಾಲ್ಸಿ ಅಲ್ಲದಿರಬಹುದು. ಬೆಲ್ಸ್ ಪಾಲ್ಸಿ ಮೂರು ದಿನದೊಳಗೆ ತನ್ನ ಪೂರ್ತಿ ರೂಪ ತೋರಿಸಿಬಿಡುತ್ತದೆ.

ಹಲ್ಲಿನ ಡಾಕ್ಟರರಲ್ಲಿ ಕೆಳದವಡೆಗೆ ಇಂಜೆಕ್ಷನ್ ತಗೊಂಡು ಬಂದ ಕೂಡಲೇ ಮುಖ ಸೊಟ್ಟಗಾದರೆ? ಔಷಧ ಪೆರೋಟಿಡ್ ಕಡೆ ಹೋಗಿರಬಹುದು. ಕೆಲವು ಗಂಟೆಯಲ್ಲಿ ಇಳಿಯುತ್ತದೆ, ಆದರೂ ಅವರಿಗೇ ಒಂದು ಫೋನ್ ಮಾಡಿ.

ಹಂತ 7: ಕಣ್ಣು ಕಾಯಿರಿ

ಮುಖ ನಾಳೆ ಸರಿಯಾದೀತು. ಒಣಗಿ ಗಾಯವಾದ ಕಣ್ಣು ಸರಿಯಾಗುತ್ತದೆಂದು ಹೇಳಲಾಗದು. ನನ್ನ ಅನುಭವದಲ್ಲಿ ಜನ ಬಾಯಿಯ ಬಗ್ಗೆ ಅಳುತ್ತಾರೆ, ಕಣ್ಣನ್ನು ಮರೆಯುತ್ತಾರೆ.

ಹಗಲು ಕೃತಕ ಕಣ್ಣೀರಿನ ಹನಿ, ಎಷ್ಟು ಹೊತ್ತಿಗೊಮ್ಮೆ ಎಂದು ಡಾಕ್ಟರು ಹೇಳುತ್ತಾರೆ. ರಾತ್ರಿ ಮುಲಾಮು ಹಾಕಿ, ಮೇಲಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲ ಮುಚ್ಚಿ, ಔಷಧ ಅಂಗಡಿಯ ಕಾಗದದ ಟೇಪ್ ಅಂಟಿಸಿ. ರೆಪ್ಪೆ ಪೂರ್ತಿ ಮುಚ್ಚಿದ ಮೇಲೆಯೇ ಅಂಟಿಸಬೇಕು. ಅರ್ಧ ತೆರೆದ ಕಣ್ಣಿನ ಮೇಲೆ ಹತ್ತಿ ಇಟ್ಟು ಕಟ್ಟಿದರೆ ಹತ್ತಿಯೇ ಕಣ್ಣನ್ನು ಉಜ್ಜುತ್ತದೆ. ಹೊರಗೆ ಹೋಗುವಾಗ ಕನ್ನಡಕ, ಸ್ಕೂಟರಿನಲ್ಲಾದರೆ ಹೆಲ್ಮೆಟ್ಟಿನ ಗಾಜು ಕೆಳಗೆ. ಮಲ್ಪೆ ಕಡಲತೀರದ ಮರಳುಗಾಳಿ ಕೆಲವು ದಿನ ಬೇಡ. ಕಣ್ಣು ಕೆಂಪಾಗಿ ನೋವಾದರೆ, ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರು.

ಹಂತ 8: ವ್ಯಾಯಾಮ, ಸ್ವಲ್ಪವೇ

ಇಲ್ಲಿ ನನ್ನ ಕಸುಬಿನ ಮಾತು. ಬಂದವರೆಲ್ಲ "ಕರೆಂಟ್ ಕೊಡಿ" ಎನ್ನುತ್ತಾರೆ. ವಿದ್ಯುತ್ ಪ್ರಚೋದನೆಯಿಂದ ಬೆಲ್ಸ್ ಪಾಲ್ಸಿ ಬೇಗ ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ, ನಾನು ಕೊಡುವುದಿಲ್ಲ. ದಿನವಿಡೀ ಚೂಯಿಂಗ್ ಗಮ್ ಅಗಿಯುವುದೂ ಸುಮ್ನೆ. ಅಗಿಯುವುದು ಐದನೇ ನರದ ಕೆಲಸ ಅಂತ ಆಗಲೇ ನೋಡಿದೆವು.

ಮೊದಲ ದಿನಗಳಲ್ಲಿ ಸ್ನಾಯು ಏನೂ ಅಲ್ಲಾಡದಿದ್ದಾಗ ಬಲವಂತ ಬೇಡ. ಒಳ್ಳೆಯ ಬದಿ ಜೋರಾಗಿ ಎಳೆದು ಸೋತ ಬದಿಯನ್ನು ಇನ್ನಷ್ಟು ಓರೆ ಮಾಡುತ್ತದೆ ಅಷ್ಟೆ. ಬೆರಳಿನಿಂದ ಕೆನ್ನೆಯನ್ನು ಮೆಲ್ಲ ಮೇಲಕ್ಕೆ ಸವರಿ. ಸ್ವಲ್ಪ ಚಲನೆ ಬಂದ ಮೇಲೆ ಕನ್ನಡಿ ಮುಂದೆ ಕೂತು, ಒಂದು ಸಲಕ್ಕೆ ಒಂದೇ ಚಲನೆ, ಸಣ್ಣದಾಗಿ, ನಿಧಾನವಾಗಿ. ಐದೈದು ಸಲ ಸಾಕು. ಒಳ್ಳೆಯ ಬದಿಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ತುಟಿಗೆ ನಮ್ಮ ಅಕ್ಷರಗಳೇ ಒಳ್ಳೆಯ ವ್ಯಾಯಾಮ: ಪ, ಬ, ಮ. ಪಪ್ಪಾಯಿ, ಬೊಂಡ, ಮಾವು ಎಂದು ಗಾಳಿ ಸೋರದ ಹಾಗೆ ಹೇಳಿ. ಈ ಮತ್ತು ಊ ಒಂದಾದ ಮೇಲೊಂದು ಹೇಳಿದರೆ ತುಟಿ ಅಗಲವಾಗಿ, ಮತ್ತೆ ದುಂಡಗೆ ಆಗುತ್ತದೆ.

ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ಚಲನೆ ಮರಳಲು ಶುರುವಾಗುತ್ತದೆ. ನರದ ತಂತುವೇ ಸತ್ತಿದ್ದರೆ ಅದು ಮತ್ತೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯಬೇಕು, ಆಗ ತಿಂಗಳುಗಳು ಬೇಕು. ಮೂರು ತಿಂಗಳಾದರೂ ಪೂರ್ತಿ ಸರಿಯಾಗದಿದ್ದರೆ ಮತ್ತೆ ತಜ್ಞರಿಗೆ ತೋರಿಸಿ, ಸ್ಕ್ಯಾನ್ ಬೇಕಾಗಬಹುದು.

ಹೀಗೆ ಬೆಳೆಯುವಾಗ ತಂತುಗಳು ದಾರಿ ತಪ್ಪುವುದೂ ಉಂಟು. ಜೊಲ್ಲಿಗೆ ಹೋಗಬೇಕಾದ ಎಳೆ ಕಣ್ಣೀರಿನ ಗ್ರಂಥಿ ಸೇರಿ, ಊಟಕ್ಕೆ ಕೂತರೆ ಒಂದೇ ಕಣ್ಣಲ್ಲಿ ನೀರು ಬರುತ್ತದೆ. ಮೊಸಳೆ ಕಣ್ಣೀರು ಎಂದೇ ವೈದ್ಯರು ಅದನ್ನು ಕರೆಯುತ್ತಾರೆ. ತುಟಿಯ ಎಳೆ ರೆಪ್ಪೆಗೆ ಹೋಗಿ, ನಕ್ಕರೆ ಕಣ್ಣು ಮುಚ್ಚುತ್ತದೆ. ಇದಕ್ಕೂ ತರಬೇತಿ ಇದೆ, ಬೊಟಾಕ್ಸ್ ಇಂಜೆಕ್ಷನ್ ಕೂಡ ಉಂಟು. ಜೋರು ವ್ಯಾಯಾಮ ಇದನ್ನು ಹೆಚ್ಚಿಸಬಹುದು, ಹಾಗಾಗಿಯೇ "ಸ್ವಲ್ಪವೇ" ಎಂದದ್ದು.

ಭಾವ ಹೇಳಿದ ಮಾತು ಕೇಳಲಿಲ್ಲ. ಮಳೆಗಾಲವಿಡೀ ಕೊಟ್ಟಿಗೆಯ ಹಿಂದೆ ನಿಂತು ಅಟ್ಟಹಾಸ ಅಭ್ಯಾಸ ಮಾಡಿದರು. ಮುಖ ಬಂತು, ಮಾತು ಬಂತು. ಆದರೆ ಬಾಯಿ ಅಗಲಿಸಿ ನಕ್ಕಾಗ ಎಡಗಣ್ಣು ಒಂಚೂರು ಸಣ್ಣದಾಗುತ್ತದೆ. ಮುಂದಿನ ತಿರುಗಾಟದ ಮೊದಲ ಆಟಕ್ಕೆ ಚೌಕಿಗೆ ಹೋದಾಗ ಅವರು ಕೈಗನ್ನಡಿ ಹಿಡಿದು ಕೂತಿದ್ದರು. ಎಡಗಣ್ಣಿನ ಸುತ್ತ ಗೆರೆಯನ್ನು ಬಲದ್ದಕ್ಕಿಂತ ಒಂದೆಳೆ ದಪ್ಪ ಎಳೆಯುತ್ತಿದ್ದರು.